ಆಟದ ಫೈಲ್ ಮಾಯ, ಆಂಟಿವೈರಸ್ ಮೇಲೆ ಅನುಮಾನ

ಇಎ ಸ್ಪೋರ್ಟ್ಸ್ ಕಂಪನಿಯ 'ಕ್ರಿಕೆಟ್ 07' ಮಾರುಕಟ್ಟೆಗೆ ಬಂದದ್ದು 2006ರ ಕೊನೆಯಲ್ಲಿ. ಐಪಿಎಲ್ ಶುರುವಾದದ್ದು 2008ರಲ್ಲಿ. ತನ್ನ ಕ್ರಿಕೆಟ್ ಆಟಗಳ ಸರಣಿಯನ್ನು ಕಂಪನಿ 'ಕ್ರಿಕೆಟ್ 07'ಕ್ಕೇ ನಿಲ್ಲಿಸಿದರೂ ಆಟ ಸತ್ತಿಲ್ಲ. ಅಭಿಮಾನಿಗಳು ಹೊಸ ತಂಡ, ಹೊಸ ಜೆರ್ಸಿ, ಹೊಸ ಸ್ಟೇಡಿಯಂ ಸೇರಿಸಿ ಪ್ಯಾಚ್ ತಯಾರಿಸುತ್ತಲೇ ಇದ್ದಾರೆ. ಸುಮಾರು ಇಪ್ಪತ್ತು ವರ್ಷದ ಹಳೇ ಆಟದೊಳಗೇ ಹೊಸ ಐಪಿಎಲ್ ನಡೆಯುತ್ತದೆ. ಕ್ರಿಕೆಟಿಗ ಅಜಿಂಕ್ಯ ರಹಾನೆ ಬೆಳೆದ, ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಇಂಥ ಹುಚ್ಚಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ತಾಪತ್ರಯ ಶುರುವಾಗುವುದು ಪ್ಯಾಚ್ ಹಾಕಿದ ಮೇಲೆ. ಪರದೆಯ ಮೂಲೆಯಲ್ಲಿ ಕೆಂಪು ಚೀಟಿಯೊಂದು ಏಳುತ್ತದೆ, 'ಟ್ರೋಜನ್ ಸಿಕ್ಕಿದೆ, ತೆಗೆದುಹಾಕಲಾಗಿದೆ' ಎನ್ನುತ್ತದೆ. ಡೆಸ್ಕ್‌ಟಾಪ್ ಮೇಲಿನ ಆಟದ ಐಕಾನ್ ಬಿಳಿಚಿಕೊಳ್ಳುತ್ತದೆ. ಒತ್ತಿದರೆ ಫೈಲೇ ಇಲ್ಲ.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. "ಏನೂ ಆಗಲ್ಲ ಪಪ್ಪಾ, ಆಂಟಿವೈರಸ್ ಆಫ್ ಮಾಡಿದ್ರೆ ಆಯ್ತು" ಎನ್ನುವುದು ಮಗನ ವಾದ. ಆಟವನ್ನೇ ಕಿತ್ತುಹಾಕು ಎನ್ನುವುದು ಅಪ್ಪನ ತೀರ್ಪು. ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು.

ಥಾಣೆ, ಕಲ್ಯಾಣ್, ನವಿಮುಂಬಯಿಯ ಕನ್ನಡ ಮನೆಗಳಲ್ಲಿ ಈ ಜಗಳಕ್ಕೆ ತೂಕ ಹೆಚ್ಚು. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎರಡು ಕಂಪ್ಯೂಟರಿಗೆ ಜಾಗ ಸಾಲದು. ಹೋಟೆಲಿನ ಟ್ಯಾಲಿ ಲೆಕ್ಕ, ಜಿಎಸ್‌ಟಿ ಫೈಲು, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಊರಿನ ಜಾಗದ ಕಾಗದಪತ್ರದ ಸ್ಕ್ಯಾನು ಎಲ್ಲವೂ ಮಗ ಆಡುವ ಪಿಸಿಯಲ್ಲೇ ಇರುತ್ತವೆ. ಹಾಗಾಗಿ ಆಂಟಿವೈರಸ್ ಕೂಗಿದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಬಗೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಆಂಟಿವೈರಸ್ ಸುಳ್ಳು ಹೇಳುತ್ತದೆಯೇ? ಖಂಡಿತ ಹೇಳುತ್ತದೆ, ಅದೂ ದೊಡ್ಡ ದೊಡ್ಡ ಸುಳ್ಳು. 2010ರ ಏಪ್ರಿಲ್ 21ರಂದು ಮೆಕಾಫಿ ಕಳಿಸಿದ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಜೀವಾಳವಾದ 'ಎಸ್‌ವಿಸಿಹೋಸ್ಟ್' ಫೈಲನ್ನೇ ವೈರಸ್ ಎಂದು ಹಿಡಿಯಿತು. ಜಗತ್ತಿನಾದ್ಯಂತ ಕಚೇರಿಗಳ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತ ಕೂತವು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ತನ್ನದೇ ಅಪ್‌ಡೇಟ್ ಪ್ರೋಗ್ರಾಮನ್ನು ವೈರಸ್ ಎಂದು ಹಿಡಿದು ಕೂರಿಸಿತು. 2022ರ ಸೆಪ್ಟೆಂಬರ್ ಮೊದಲ ವಾರ, ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಸರದಿ. ಕ್ರೋಮ್, ವಾಟ್ಸ್‌ಆ್ಯಪ್, ಆಟಗಾರರ ಹರಟೆಕಟ್ಟೆಯಾದ ಡಿಸ್ಕಾರ್ಡ್, ಯಾವುದನ್ನು ತೆರೆದರೂ 'ಹೈವ್' ಎಂಬ ಹೆಸರಿನ ಎಚ್ಚರಿಕೆ. ಅಪ್‌ಡೇಟ್ ಬಂದ ಮೇಲೆ ತಣ್ಣಗಾಯಿತು.

ಆಟದ ಫೈಲುಗಳ ಮೇಲೆಯೇ ಈ ಅನುಮಾನದ ಕಣ್ಣು ಹೆಚ್ಚಾಗಿ ಬೀಳುವುದಕ್ಕೆ ಕಾರಣಗಳಿವೆ. ಹೌಸಿಂಗ್ ಸೊಸೈಟಿಯ ವಾಚ್‌ಮನ್ ಹಾಗೆ ಆಂಟಿವೈರಸ್ ಎರಡು ರೀತಿಯಲ್ಲಿ ತಡೆಯುತ್ತದೆ. ಕಳ್ಳರ ಫೋಟೊ ಕೈಯಲ್ಲಿದ್ದರೆ ಮುಖ ನೋಡಿ ಹಿಡಿಯುತ್ತದೆ. ಫೋಟೊ ಇಲ್ಲದಿದ್ದರೆ ನಡವಳಿಕೆ ನೋಡಿ ಅನುಮಾನಪಡುತ್ತದೆ. ಆಟಗಳು ಸಿಕ್ಕಿಬೀಳುವುದು ಈ ಎರಡನೆಯದರಲ್ಲಿ.

ಕಳ್ಳಪ್ರತಿ ತಡೆಯಲು ದೊಡ್ಡ ಕಂಪನಿಗಳು ಡೆನುವೊ, ವಿಎಂಪ್ರೊಟೆಕ್ಟ್‌ನಂಥ ಕವಚ ತೊಡಿಸಿ ಒಳಗಿನ ಕೋಡ್ ಕಾಣದಂತೆ ಮಾಡುತ್ತವೆ. ವೈರಸ್ ಬರೆಯುವವರೂ ಇದೇ ಬಗೆಯ ಕವಚ ಬಳಸುತ್ತಾರೆ. ಫೈಲಿನ ಗಾತ್ರ ಇಳಿಸುವ ಯುಪಿಎಕ್ಸ್ ಎಂಬ ಉಪಕರಣದ ಕಥೆಯೂ ಹಾಗೇ. ಆಟವನ್ನು ಬದಲಿಸುವ ಮಾಡ್‌ಗಳು, ಟ್ರೇನರ್‌ಗಳು ಓಡುತ್ತಿರುವ ಆಟದ ಮೆಮೊರಿಗೆ ಕೈಹಾಕಿ ಅಂಕಿ ಬದಲಿಸುತ್ತವೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್ ಬ್ರೌಸರಿನೊಳಗೆ ಕೈಹಾಕುವ ವಿಧಾನವೂ ಅದೇ. ಇನ್ನು ಇಬ್ಬರೋ ಮೂವರೋ ಸೇರಿ ಮಾಡಿದ ಪುಟ್ಟ ಆಟಗಳು. ಅವುಗಳಿಗೆ ಡಿಜಿಟಲ್ ಸಹಿ ಮಾಡಿಸಲು ವರ್ಷ ವರ್ಷ ದುಡ್ಡು ಕಟ್ಟಬೇಕು, ಅನೇಕರು ಕಟ್ಟುವುದಿಲ್ಲ. ಸಹಿ ಇಲ್ಲ, ಜಗತ್ತಿನಲ್ಲಿ ಆ ಫೈಲನ್ನು ಇಳಿಸಿಕೊಂಡವರು ಬೆರಳೆಣಿಕೆಯ ಮಂದಿ. ಅನುಮಾನ ಬರಲು ಇಷ್ಟು ಸಾಕು. ಆಟಕ್ಕೆ ಅಪ್‌ಡೇಟ್ ಬಂದಾಗ ಫೈಲೂ ಹೊಸದಾಗುವುದರಿಂದ ಗಳಿಸಿದ್ದ ಹೆಸರೂ ಸೊನ್ನೆಗೆ ಇಳಿಯುತ್ತದೆ.

ಹಾಗಾದರೆ ಚೀಟಿ ಎದ್ದಾಗ ಮಾಡಬೇಕಾದ್ದೇನು? ಮೊದಲು ಅದನ್ನು ಓದಬೇಕು. ಹೆಚ್ಚಿನವರು ಓದುವುದೇ ಇಲ್ಲ, ಮುಚ್ಚುವ ಗುರುತು ಒತ್ತಿ ಮುಗಿಸುತ್ತಾರೆ. ಡಿಫೆಂಡರ್ ಇದ್ದರೆ ವಿಂಡೋಸ್ ಸೆಕ್ಯುರಿಟಿ ತೆರೆದು 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗಿನ 'ಪ್ರೊಟೆಕ್ಷನ್ ಹಿಸ್ಟರಿ'ಗೆ ಹೋದರೆ ಎರಡು ಮಾಹಿತಿ ಸಿಗುತ್ತವೆ: ಹಿಡಿದದ್ದಕ್ಕೆ ಅದು ಕೊಟ್ಟ ಹೆಸರು, ಫೈಲ್ ಇದ್ದ ಜಾಗ.

ಹೆಸರಿನಲ್ಲಿ ಸಾಕಷ್ಟು ಸುಳಿವಿದೆ. 'ವಕಾಟಾಕ್' ಎಂಬ ಹೆಸರು, ಅದರ ಬಾಲಕ್ಕೆ ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ 'ಎಂಎಲ್' ಎಂಬ ಎರಡಕ್ಷರ ಇದ್ದರೆ ಅದು ಮಷಿನ್ ಲರ್ನಿಂಗ್ ಮಾಡಿದ ಊಹೆ. ಸಹಿ ಇಲ್ಲದ ಪುಟ್ಟ ಆಟಗಳನ್ನು ಡಿಫೆಂಡರ್ ಹಿಡಿಯುವಾಗ ಪದೇ ಪದೇ ಕಾಣುವ ಹೆಸರಿದು. 'ಜೆನೆರಿಕ್', 'ಹ್ಯೂರ್', 'ಸಸ್ಪಿಷಿಯಸ್' ಎಂದಿದ್ದರೂ ಊಹೆಯೇ. 'ಹ್ಯಾಕ್‌ಟೂಲ್' ಅಥವಾ 'ಪಿಯುಎ' ಎಂದರೆ ವೈರಸ್ ಎಂದಲ್ಲ, ಮನೆಯಲ್ಲಿ ಇರಬೇಕೇ ಬೇಡವೇ ಎಂದು ಯಜಮಾನರೇ ನಿರ್ಧರಿಸಬೇಕಾದ ವಸ್ತು ಎಂದು ಅರ್ಥ. ಆದರೆ ವಿಡಾರ್, ರೆಡ್‌ಲೈನ್, ಲುಮ್ಮಾ ಎಂಬ ಹೆಸರು ಕಂಡರೆ ಮಾತು ಬೇರೆ. ಇವು ಪಾಸ್‌ವರ್ಡ್ ಮತ್ತು ಬ್ಯಾಂಕ್ ಮಾಹಿತಿ ದೋಚುವುದಕ್ಕೇ ಹೆಸರಾದ ಕುಟುಂಬಗಳು. ಅಲ್ಲಿ ಫೈಲ್ ವಾಪಸ್ ತರುವ ಯೋಚನೆಯೇ ಬೇಡ.

ನೀಲಿ ಪರದೆಯಲ್ಲಿ 'ವಿಂಡೋಸ್ ನಿಮ್ಮ ಪಿಸಿಯನ್ನು ರಕ್ಷಿಸಿದೆ' ಎಂಬರ್ಥದ ಇಂಗ್ಲಿಷ್ ಸಾಲು ಬಂದರೆ ಅದು ವೈರಸ್ ಎಚ್ಚರಿಕೆಯಲ್ಲ. ಸ್ಮಾರ್ಟ್‌ಸ್ಕ್ರೀನ್ ಎಂಬ ಇನ್ನೊಂದು ಕಾವಲು 'ಈ ಫೈಲ್ ಪರಿಚಯವಿಲ್ಲ' ಎನ್ನುತ್ತಿದೆ, ಅಷ್ಟೇ.

ಆಮೇಲೆ ಕೇಳಬೇಕಾದ ಪ್ರಶ್ನೆ, ಉಳಿದೆಲ್ಲ ಪ್ರಶ್ನೆಗಳಿಗಿಂತ ದೊಡ್ಡದು: ಫೈಲ್ ಬಂದದ್ದು ಎಲ್ಲಿಂದ? ಸ್ಟೀಮ್, ಎಪಿಕ್, ಜಿಒಜಿ ಅಂಗಡಿಯಿಂದ ಕೊಂಡ ಆಟವಾದರೆ ಹಿಡಿದ ಫೈಲನ್ನು ಕೂಡಿಟ್ಟ ಕ್ವಾರಂಟೈನ್ ಒಳಗೆ ಕೈಹಾಕುವ ಅಗತ್ಯವೇ ಇಲ್ಲ. ಮೊದಲು ಆಂಟಿವೈರಸ್ ಅಪ್‌ಡೇಟ್ ಮಾಡಬೇಕು. ಅಷ್ಟರಲ್ಲಿ ಕಂಪನಿ ತಪ್ಪು ತಿದ್ದಿಕೊಂಡಿರುವುದೂ ಉಂಟು. ಬಳಿಕ ಸ್ಟೀಮ್ ಲೈಬ್ರರಿಯಲ್ಲಿ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', ಅದರೊಳಗೆ 'ಇನ್‌ಸ್ಟಾಲ್ಡ್ ಫೈಲ್ಸ್', ಅಲ್ಲಿ 'ವೆರಿಫೈ' ಒತ್ತಿದರೆ ಕಾಣೆಯಾದ ಅಥವಾ ಕೆಟ್ಟ ಫೈಲನ್ನಷ್ಟೇ ಸ್ಟೀಮ್ ಮತ್ತೆ ತರಿಸಿಕೊಳ್ಳುತ್ತದೆ. ಎಪಿಕ್‌ನಲ್ಲಿಯೂ ಜಿಒಜಿ ಗ್ಯಾಲಕ್ಸಿಯಲ್ಲಿಯೂ ಇಂಥದೇ ಗುಂಡಿ ಇದೆ. ಒಂದು ಫೈಲ್ ಹೋಯಿತೆಂದು ನೂರು ಜಿಬಿಯ ಆಟವನ್ನು ಪೂರ್ತಿ ಅಳಿಸಿ ರಾತ್ರಿಯಿಡೀ ಡೌನ್‌ಲೋಡ್‌ಗೆ ಕೂರುವುದು ಬರೀ ದಂಡ.

ಹೊಸದಾಗಿ ತಂದ ಫೈಲನ್ನೂ ಆಂಟಿವೈರಸ್ ಹಿಡಿದರೆ ವೈರಸ್‌ಟೋಟಲ್ ನೆರವಿಗೆ ಬರುತ್ತದೆ. 2004ರಲ್ಲಿ ಸ್ಪೇನಿನಲ್ಲಿ ಹುಟ್ಟಿ 2012ರಲ್ಲಿ ಗೂಗಲ್ ಕೈಸೇರಿದ ಈ ಉಚಿತ ತಾಣ, ಕೊಟ್ಟ ಫೈಲನ್ನು ಸುಮಾರು ಎಪ್ಪತ್ತು ಆಂಟಿವೈರಸ್‌ಗಳಿಗೆ ತೋರಿಸಿ ಒಟ್ಟು ವರದಿ ಕೊಡುತ್ತದೆ. ಗಾತ್ರದ ಮಿತಿ 650 ಎಂಬಿ. ಹಾಗಾಗಿ ಇಡೀ ಆಟವನ್ನಲ್ಲ, ಹಿಡಿದ ಫೈಲನ್ನಷ್ಟೇ ಹಾಕಬೇಕು. ಒಂದು ಎಚ್ಚರ: ಇಲ್ಲಿ ಹಾಕಿದ ಫೈಲ್ ಭದ್ರತಾ ಕಂಪನಿಗಳೆಲ್ಲದರ ಕೈಗೆ ಹೋಗುತ್ತದೆ. ಆಟದ ಫೈಲಿಗೆ ಅಡ್ಡಿಯಿಲ್ಲ, ಅಪ್ಪನ ಪ್ಯಾನ್ ಕಾರ್ಡ್ ಇರುವ ಜಿಪ್ ಫೈಲನ್ನು ಮರೆತೂ ಹಾಕಬಾರದು.

ವರದಿ ಓದುವುದರಲ್ಲಿಯೂ ಜಾಣತನ ಬೇಕು. ಎಪ್ಪತ್ತರಲ್ಲಿ ಎರಡೋ ಮೂರೋ, ಅದೂ ಕೇಳರಿಯದ ಕಂಪನಿಗಳು 'ಜೆನೆರಿಕ್' ಎಂದಿದ್ದರೆ ಸುಳ್ಳು ಎಚ್ಚರಿಕೆಯ ಸಾಧ್ಯತೆ ಹೆಚ್ಚು. ಹತ್ತಿಪ್ಪತ್ತು ಕಂಪನಿಗಳು, ಅವುಗಳಲ್ಲಿ ಕ್ಯಾಸ್ಪರ್‌ಸ್ಕಿ, ಇಸೆಟ್, ಬಿಟ್‌ಡಿಫೆಂಡರ್‌ನಂಥ ದೊಡ್ಡವೂ ಸೇರಿ ಒಂದೇ ಹೆಸರು ಹೇಳಿದರೆ ವಾದ ನಿಲ್ಲಿಸಬೇಕು. ಫೈಲನ್ನು ಅಲ್ಲಿ ಯಾರಾದರೂ ಮೊದಲು ಹಾಕಿದ ದಿನಾಂಕವನ್ನೂ ನೋಡಬೇಕು. ಐದು ವರ್ಷ ಹಳೇ ಫೈಲಿಗೆ ಮೂರೇ ದೂರು ಎಂದರೆ ಸಮಾಧಾನ. ನಿನ್ನೆ ಕಾಣಿಸಿಕೊಂಡ ಫೈಲಿಗೆ ಮೂರೇ ದೂರು ಎಂದರೆ ಉಳಿದವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲದಿರಬಹುದು.

ದೊಡ್ಡ ಅಂಗಡಿಯ ಆಟವೆಂದರೆ ಕಣ್ಣು ಮುಚ್ಚಿ ನಂಬಬಹುದೆಂದೂ ಅಲ್ಲ. 2025ರ ಫೆಬ್ರವರಿಯಲ್ಲಿ 'ಪೈರೇಟ್‌ಫೈ' ಎಂಬ ಉಚಿತ ಆಟ ಸ್ಟೀಮ್‌ನಲ್ಲಿ ಕೆಲವು ದಿನ ಇತ್ತು. ಒಳಗಿದ್ದದ್ದು ವಿಡಾರ್. ಆಟವನ್ನು ತೆಗೆದುಹಾಕಿದ, ಸ್ಟೀಮ್ ನಡೆಸುವ ವಾಲ್ವ್ ಕಂಪನಿ, ಆಡಿದವರಿಗೆ ಪತ್ರ ಬರೆದು, ಪೂರ್ತಿ ಸ್ಕ್ಯಾನ್ ಮಾಡಿ, ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕುವುದನ್ನೂ ಪರಿಗಣಿಸಿ ಎಂದಿತು. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಮಾಡ್‌ಗಳೊಳಗೆ 'ಫ್ರ್ಯಾಕ್ಚರೈಸರ್' ಹರಡಿತ್ತು. ಕರ್ಸ್‌ಫೋರ್ಜ್‌ನಂಥ ಹೆಸರಾಂತ ಮಾಡ್ ತಾಣದಿಂದಲೇ ಅದು ಇಳಿಯುತ್ತಿತ್ತು. ಅದೇ ವರ್ಷದ ಕ್ರಿಸ್ಮಸ್ ದಿನ 'ಸ್ಲೇ ದ ಸ್ಪೈರ್' ಆಟದ 'ಡೌನ್‌ಫಾಲ್' ಎಂಬ ಜನಪ್ರಿಯ ಮಾಡ್‌ನ ಖಾತೆಗೆ ಕನ್ನ ಹಾಕಿದವರು, ಕೊಂಚ ಹೊತ್ತು ಸ್ಟೀಮ್ ಮೂಲಕವೇ ಪಾಸ್‌ವರ್ಡ್ ಕಳ್ಳನನ್ನು ಹಂಚಿದರು. ಒಂದು ವರ್ಷ ಒಳ್ಳೆಯದಿದ್ದ ಫೈಲ್ ಮರುದಿನ ಕೆಟ್ಟದ್ದಾಗಬಹುದು. 'ಹೋದ ತಿಂಗಳೂ ಹೀಗೇ ಕೂಗಿತ್ತು, ಏನೂ ಆಗಲಿಲ್ಲ' ಎಂಬ ಸಮಾಧಾನಕ್ಕೆ ಬೆಲೆಯಿಲ್ಲ.

ಆಂಟಿವೈರಸ್ ಸುಮ್ಮನಿದ್ದರೂ ನೆಮ್ಮದಿಯೆಂದಲ್ಲ. 'ಗೆನ್ಶಿನ್ ಇಂಪ್ಯಾಕ್ಟ್' ಆಟದ ಜೊತೆ ಬರುತ್ತಿದ್ದ, ಮೋಸ ತಡೆಯುವ ಡ್ರೈವರ್ ಒಂದನ್ನು, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್‌ಸಮ್‌ವೇರ್ ತಂಡವೊಂದು ಆಂಟಿವೈರಸ್ಸನ್ನೇ ಸಾಯಿಸಲು ಬಳಸಿದ ಸಂಗತಿಯನ್ನು ಭದ್ರತಾ ಕಂಪನಿ ಟ್ರೆಂಡ್ ಮೈಕ್ರೊ 2022ರಲ್ಲಿ ಬಯಲಿಗೆಳೆಯಿತು. ಆ ಡ್ರೈವರ್‌ಗೆ ಅಸಲಿ ಸಹಿ ಇತ್ತು. ಇದಕ್ಕೆ ಇನ್ನೊಂದು ಮುಖ 2025ರ ಮಾರ್ಚ್‌ನಲ್ಲಿ ಕಂಡಿತು. ಫ್ಯಾನಿನ ವೇಗ, ಕೀಬೋರ್ಡಿನ ಬಣ್ಣದ ದೀಪ ನಿಯಂತ್ರಿಸುವ ಫ್ಯಾನ್‌ಕಂಟ್ರೋಲ್, ಓಪನ್‌ಆರ್‌ಜಿಬಿಯಂಥ ಪ್ರೋಗ್ರಾಮುಗಳು ಬಳಸುವ 'ವಿನ್‌ರಿಂಗ್0' ಡ್ರೈವರನ್ನು ಡಿಫೆಂಡರ್ ಹಿಡಿಯತೊಡಗಿತು. ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ಗೇಮಿಂಗ್ ಪಿಸಿ ಕಟ್ಟಿಸಿಕೊಂಡವರು ಸಹಜವಾಗಿಯೇ ಸುಳ್ಳು ಎಚ್ಚರಿಕೆ ಎಂದುಕೊಳ್ಳಬಹುದಿತ್ತು. ಪೂರ್ತಿ ಸುಳ್ಳಲ್ಲ: ಆ ಡ್ರೈವರ್‌ನಲ್ಲಿ 2020ರಲ್ಲೇ ದಾಖಲಾದ ಭದ್ರತಾ ದೋಷವಿದೆ. ಪ್ರೋಗ್ರಾಮ್ ಕೆಟ್ಟದ್ದಲ್ಲ, ಬಾಗಿಲು ಸಡಿಲ. ಅಂಥಲ್ಲಿ ವಿನಾಯಿತಿ ಕೊಡುವುದಕ್ಕಿಂತ ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿಕೊಳ್ಳುವುದು ಜಾಣತನ.

ಇಷ್ಟೆಲ್ಲ ನೋಡಿದ ಮೇಲೂ ಫೈಲ್ ನಿರ್ದೋಷಿ ಎನಿಸಿದರೆ ವಿನಾಯಿತಿ ಕೊಡಬಹುದು. ಡಿಫೆಂಡರ್‌ನಲ್ಲಿ ಮೊದಲು 'ಪ್ರೊಟೆಕ್ಷನ್ ಹಿಸ್ಟರಿ'ಯಿಂದ 'ರಿಸ್ಟೋರ್', ಮತ್ತೆ ಹಿಡಿದರೆ 'ಮ್ಯಾನೇಜ್ ಸೆಟ್ಟಿಂಗ್ಸ್' ಕೆಳಗಿನ 'ಎಕ್ಸ್‌ಕ್ಲೂಷನ್ಸ್'. ಅಲ್ಲಿ ಫೈಲ್, ಫೋಲ್ಡರ್, ಫೈಲ್ ಬಗೆ, ಪ್ರೋಸೆಸ್ ಎಂಬ ನಾಲ್ಕು ಆಯ್ಕೆ ಕಾಣುತ್ತವೆ. ಆರಿಸಬೇಕಾದ್ದು ಫೈಲ್, ತೀರಾ ಬೇಕಾದರೆ ಆ ಒಂದು ಆಟದ ಫೋಲ್ಡರ್. ಡೌನ್‌ಲೋಡ್ಸ್ ಫೋಲ್ಡರಿಗೆ, ಇಡೀ ಡಿ ಡ್ರೈವಿಗೆ ಅಥವಾ ಎಲ್ಲ 'ಇಎಕ್ಸ್‌ಇ' ಫೈಲುಗಳಿಗೆ ವಿನಾಯಿತಿ ಬರೆದರೆ ಆಂಟಿವೈರಸ್ ಇದ್ದೂ ಇಲ್ಲದಂತೆ. ಆಟ ಅಳಿಸಿದ ದಿನ ವಿನಾಯಿತಿಯನ್ನೂ ಅಳಿಸಬೇಕು. ಜನ ಮರೆಯುವುದು ಇದನ್ನೇ.

ಮಹಾರಾಷ್ಟ್ರದಲ್ಲಿ ಹೆಸರು ಮಾಡಿದ ಕ್ವಿಕ್ ಹೀಲ್ ಬಳಸುವವರಿಗೂ ದಾರಿ ಇದೇ. ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ಬದುಕು ಶುರು ಮಾಡಿದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಪುಣೆಯಲ್ಲಿ 1990ರ ದಶಕದಲ್ಲಿ ಕಟ್ಟಿದ ಈ ಆಂಟಿವೈರಸ್‌ನಲ್ಲಿ, ಸ್ಕ್ಯಾನ್ ಸೆಟ್ಟಿಂಗ್ಸ್ ಒಳಗೆ 'ಎಕ್ಸ್‌ಕ್ಲೂಡ್ ಫೈಲ್ಸ್ ಅಂಡ್ ಫೋಲ್ಡರ್ಸ್' ಎಂಬ ಜಾಗವಿದೆ. ಬೇರೆ ಆಂಟಿವೈರಸ್ ಹಾಕಿದಾಗ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿ ಹಿಂದೆ ಸರಿಯುತ್ತದೆ. ಹಾಗಾಗಿ ವಿನಾಯಿತಿ ಕೊಡುವ ಮೊದಲು ಮನೆಯ ಪಿಸಿಯನ್ನು ಕಾಯುತ್ತಿರುವವರು ಯಾರೆಂದು ನೋಡಿಕೊಳ್ಳಬೇಕು. ಪಿಸಿ ಕೊಂಡಾಗ ಅಂಗಡಿಯವರು ಹಾಕಿಕೊಟ್ಟ ಒಂದು ವರ್ಷದ ಪ್ಯಾಕ್ ಅವಧಿ ಮುಗಿದು, ಅಪ್‌ಡೇಟ್ ಇಲ್ಲದೆ ಕೂತಿದ್ದರೆ ಅದು ಹೊಸ ವೈರಸ್ಸನ್ನೂ ಹಿಡಿಯದು, ಹಳೇ ತಪ್ಪನ್ನೂ ತಿದ್ದಿಕೊಳ್ಳದು. ದುಡ್ಡು ಕಟ್ಟಿ ನವೀಕರಿಸಬೇಕು, ಇಲ್ಲವೇ ತೆಗೆದು ಡಿಫೆಂಡರ್‌ಗೆ ಬಿಡಬೇಕು.

ಆಟ ತೆರೆಯುತ್ತದೆ, ಆದರೆ ಆಡಿದ್ದು ಸೇವ್ ಆಗುತ್ತಿಲ್ಲ ಎಂಬ ದೂರಿನ ಹಿಂದೆಯೂ ಕೆಲವೊಮ್ಮೆ ಡಿಫೆಂಡರ್ ಇರುತ್ತದೆ. ಅನೇಕ ಆಟಗಳು ಸೇವ್ ಫೈಲನ್ನು 'ಡಾಕ್ಯುಮೆಂಟ್ಸ್' ಒಳಗೆ ಬರೆಯುತ್ತವೆ. 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಆನ್ ಆಗಿದ್ದರೆ, ಪರಿಚಯವಿಲ್ಲದ ಪ್ರೋಗ್ರಾಮ್ ಅಲ್ಲಿಗೆ ಬರೆಯದಂತೆ ಅದು ತಡೆಯುತ್ತದೆ. ಅದನ್ನು ಆಫ್ ಮಾಡಬೇಕಿಲ್ಲ. 'ರ‍್ಯಾನ್‌ಸಮ್‌ವೇರ್ ಪ್ರೊಟೆಕ್ಷನ್' ಪುಟದಲ್ಲಿ ಆ ಆಟವೊಂದಕ್ಕೆ ಅನುಮತಿ ಕೊಟ್ಟರೆ ಸಾಕು. ಟ್ಯಾಲಿ ಲೆಕ್ಕ ಇರುವ ಮನೆಗೆ ಈ ಕಾವಲು ಇರಲೇಬೇಕು.

ಇನ್ನು ಕ್ರ್ಯಾಕ್ ಮಾಡಿದ ಆಟಗಳ ವಿಷಯ. ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ ಸಿಡಿ ಮಾರುತ್ತಿದ್ದ ಕಾಲ ಹೋಯಿತು. ಈಗ ಗೆಳೆಯನ ಹಾರ್ಡ್‌ಡಿಸ್ಕು, ಟೆಲಿಗ್ರಾಂ ಲಿಂಕು. ಇಲ್ಲಿ ನ್ಯಾಯ ಅನ್ಯಾಯದ ಮಾತು ಬದಿಗಿಟ್ಟರೂ ತಾಂತ್ರಿಕವಾಗಿ ಒಂದು ಗೋಡೆ ಎದುರಾಗುತ್ತದೆ. ಕ್ರ್ಯಾಕ್ ಎಂದರೆ ಮೂಲ ಫೈಲನ್ನು ಕತ್ತರಿಸಿ ಬದಲಿಸಿದ್ದು. ಅದರ ಮೂಲ ಸಹಿ ಅಲ್ಲಿಗೇ ಸತ್ತಿತು. ಹೋಲಿಸಿ ನೋಡಲು ಅಸಲಿ ಪ್ರತಿಯಿಲ್ಲ, ಬರೆದವರ ವಿಳಾಸವಿಲ್ಲ. ಆಂಟಿವೈರಸ್ ಕೂಗಿದ್ದು ಕ್ರ್ಯಾಕ್‌ಗೋ, ಅದರ ಜೊತೆ ಬಂದ ಕಳ್ಳನಿಗೋ ಎಂದು ಬೇರ್ಪಡಿಸುವ ಉಪಾಯ ಮನೆಯಲ್ಲಿ ಕೂತ ಯಾರ ಬಳಿಯೂ ಇಲ್ಲ. 'ಸ್ಟಾಪ್' ಕುಟುಂಬದ ರ‍್ಯಾನ್‌ಸಮ್‌ವೇರ್ ಹರಡಿದ್ದೇ ಹೆಚ್ಚಾಗಿ ಕ್ರ್ಯಾಕ್‌ಗಳ ಮೂಲಕ. 'ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ' ಎಂಬ ಸೂಚನೆ, ಪಾಸ್‌ವರ್ಡ್ ಹಾಕಿದ ಜಿಪ್ ಫೈಲು, ಎರಡೂ ಒಟ್ಟಿಗೆ ಬಂದರೆ ಅಲ್ಲಿಗೇ ಅಳಿಸುವುದು ಒಳಿತು. ಪಾಸ್‌ವರ್ಡ್ ಇದ್ದರೆ ಜಿಪ್ ಒಳಗೇನಿದೆ ಎಂದು ಆಂಟಿವೈರಸ್‌ಗೆ ಕಾಣುವುದಿಲ್ಲ.

ದುಡ್ಡು ಕೊಟ್ಟು ಅಸಲಿ ಸಿಡಿ ಕೊಂಡಿದ್ದವರ ಪಾಡು ಮಾತ್ರ ಮರುಕ ಹುಟ್ಟಿಸುವಂಥದ್ದು. 2000ದ ದಶಕದ ಹಲವು ಆಟಗಳಲ್ಲಿ ನಕಲು ತಡೆಯಲು 'ಸೇಫ್‌ಡಿಸ್ಕ್' ಇತ್ತು. ಅದರ ಡ್ರೈವರ್ ಅಪಾಯಕಾರಿ ಎಂದು 2015ರಲ್ಲಿ ವಿಂಡೋಸ್ 10 ಅದನ್ನು ಕೈಬಿಟ್ಟಿತು. ಕಪಾಟಿನಲ್ಲಿ ಬಿಲ್ ಸಮೇತ ಇರುವ ಸಿಡಿ ಓಡದೆ, ಮಾಲೀಕನೇ 'ನೋ-ಸಿಡಿ' ಫೈಲ್ ಹುಡುಕಿಕೊಂಡು ಕತ್ತಲ ಗಲ್ಲಿಗೆ ಹೋಗುವಂತಾಯಿತು. ಅಂಥವರು ಮೊದಲು ಜಿಒಜಿಯಲ್ಲಿ ನೋಡಬೇಕು. ಹಳೇ ಆಟಗಳನ್ನು ಇಂಥ ಬೀಗವಿಲ್ಲದೆ, ಹೊಸ ವಿಂಡೋಸಿಗೆ ಹೊಂದಿಸಿ ಮಾರುವುದು 2008ರಿಂದಲೂ ಅದರ ಕಸುಬು. ಅಲ್ಲಿಯೂ ಸಿಗದ 'ಕ್ರಿಕೆಟ್ 07'ರಂಥ ಆಟಕ್ಕೆ ಪ್ಯಾಚ್ ಹಾಕಲೇಬೇಕೆಂದರೆ ಟ್ಯಾಲಿ ಇಲ್ಲದ, ಬ್ಯಾಂಕ್ ಕೆಲಸ ಮಾಡದ ಹಳೇ ಲ್ಯಾಪ್‌ಟಾಪ್ ಅದಕ್ಕೆ ತಕ್ಕ ಜಾಗ. ಜೆರ್ಸಿ, ಮುಖ, ಸ್ಟೇಡಿಯಂ ಎಲ್ಲ ಬರೀ ಚಿತ್ರ ಮತ್ತು ಡೇಟಾ ಫೈಲುಗಳು. ಅವುಗಳನ್ನು ಮಾತ್ರ ಬದಲಿಸುವ, 'ಇಎಕ್ಸ್‌ಇ' ಮುಟ್ಟದ ಪ್ಯಾಚ್ ಸಿಕ್ಕರೆ ಅದನ್ನೇ ಆರಿಸುವುದು ಮೇಲು.

ಎಚ್ಚರಿಕೆ ಸುಳ್ಳೆಂದು ಖಾತ್ರಿಯಾದರೆ ಕಂಪನಿಗೆ ತಿಳಿಸುವ ಕೆಲಸವೊಂದಿದೆ. ಮೈಕ್ರೋಸಾಫ್ಟ್‌ನ ಸೆಕ್ಯುರಿಟಿ ಇಂಟೆಲಿಜೆನ್ಸ್ ತಾಣದಲ್ಲಿ 'ಹೋಮ್ ಕಸ್ಟಮರ್' ಎಂದು ಆರಿಸಿ ಫೈಲ್ ಕಳಿಸಿದರೆ ಪರಿಶೀಲಿಸಿ ಉತ್ತರ ಕೊಡುತ್ತಾರೆ. ಇತರ ದೊಡ್ಡ ಆಂಟಿವೈರಸ್ ಕಂಪನಿಗಳೂ ಇಂಥ ಫೈಲ್ ಸ್ವೀಕರಿಸುತ್ತವೆ. ಆಟ ಮಾಡಿದವರಿಗೂ ಒಂದು ಸಾಲು ಬರೆಯಬೇಕು. ಪುಟ್ಟ ತಂಡಗಳಿಗೆ ತಮ್ಮ ಆಟವನ್ನು ಯಾವ ಆಂಟಿವೈರಸ್ ನುಂಗಿತೆಂದು ಆಟಗಾರರು ಹೇಳಿದಾಗಲೇ ಗೊತ್ತಾಗುವುದು.

ಎಚ್ಚರಿಕೆ ನಿಜವೇ ಆಗಿದ್ದು, ಫೈಲ್ ಆಗಲೇ ಓಡಿಬಿಟ್ಟಿದ್ದರೆ? ಇಂಟರ್‌ನೆಟ್ ಕಿತ್ತು, ಪಿಸಿ ಬಿಟ್ಟು ಫೋನಿನಿಂದ ಮೊದಲು ಇಮೇಲ್ ಪಾಸ್‌ವರ್ಡ್, ಆಮೇಲೆ ಬ್ಯಾಂಕಿನದು, ಕೊನೆಗೆ ಸ್ಟೀಮ್‌ನದು ಬದಲಿಸಬೇಕು. ಎಲ್ಲ ಕಡೆ ಲಾಗಿನ್ ಆಗಿರುವ ಹಳೇ ಸೆಷನ್‌ಗಳನ್ನು ಲಾಗ್‌ಔಟ್ ಮಾಡಬೇಕು. ಆಮೇಲೆ ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್'. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಶುಚಿಗೊಳಿಸುವ ಉಚಿತ ಉಪಕರಣಗಳೂ ಇವೆ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಕರೆ ಹೋಗುತ್ತದೋ ಅಷ್ಟು ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಠಾಣೆಗೆ ಹೋಗುವುದಾದರೆ ಡೊಂಬಿವಲಿ, ಕಲ್ಯಾಣ್ ನಗರದವರು ಥಾಣೆ ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಗೆ ಬರುತ್ತಾರೆ. ವಾಶಿ, ಐರೋಳಿ, ಪನ್ವೇಲ್ ಕಡೆಯವರಿಗೆ ನವಿಮುಂಬಯಿ ಕಮಿಷನರೇಟ್ ಬೇರೆಯೇ ಇದೆ.